ಗೋಣಿಚೀಲದೊಳಗಿನ ಸೈಕಲ್ಲು

ಬೆಳಿಗ್ಗೆ ಮಳೆ ಹನಿದು, ಬಾಗಿಲ ಮುಂದೆ ಹಾಸಿದ ಗೋಣಿಚೀಲ ಒದ್ದೆಯಾಗಿದೆ. ಆ ವಾಸನೆ ಮೂಗಿಗೆ ಬಿದ್ದರೆ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನನ್ನ ಹೆಂಡತಿಗೂ ಒಬ್ಬರು ಜೊತೆಯಾದ ಹಾಗಾಯಿತು.

ಆಗ ನಾನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುಮಾಸ್ತ. ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ತನ್ನ ಸೈಕಲ್ಲನ್ನು ನನಗೆ ಕೊಟ್ಟುಹೋದ. ಅದರ ಚೌಕಟ್ಟು ಪೂರ್ತಿ ಅಲ್ಯೂಮಿನಿಯಂ; ನಮ್ಮ ಕಡೆ ಮಂದಿ ‘ಜರ್ಮನ್’ ಅನ್ನುವ ಪಾತ್ರೆಯ ಲೋಹ. ಬಣ್ಣವೇ ಇಲ್ಲ, ಬರೀ ಉಜ್ಜಿ ಉಜ್ಜಿ ತಂದ ಹೊಳಪು. ಆಫೀಸಿನವರು ಅದರಲ್ಲಿ ನೋಡಿಕೊಂಡು ಮೀಸೆ ತಿದ್ದುತ್ತಿದ್ದರು. ವಾಡಿ, ಶಹಾಬಾದ, ಚಿತ್ತಾಪುರ, ಮೂರೂ ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು.

ಆ ಹೊಳಪು ಉಳಿಸುವುದೇ ನನ್ನ ಸಂಸಾರವಾಯಿತು. ಮೊದಲು ಕೊಬ್ಬರಿ ಎಣ್ಣೆ ಸವರಿದೆ. ಹೆಂಡತಿ ಸುಶೀಲಾಳ ಜಡೆಗಿಂತ ಸೈಕಲ್ಲಿಗೇ ಹೆಚ್ಚು ಎಣ್ಣೆ ಹೋಗುತ್ತಿತ್ತು. ಆದರೆ ನಮ್ಮೂರ ಗಾಳಿಯಲ್ಲಿ ಅರ್ಧ ಸಿಮೆಂಟೇ. ಎಣ್ಣೆಗೆ ಧೂಳು ಮೆತ್ತಿ, ಸಂಜೆಯ ಹೊತ್ತಿಗೆ ಸೈಕಲ್ಲು ಮೈತುಂಬ ವಿಭೂತಿ ಬಳಿದುಕೊಂಡು ನಿಂತಿರುತ್ತಿತ್ತು. ಸೈಕಲ್ ರಿಪೇರಿಯ ಖಾಜಾ ಮಿಯಾ, ಇದಕ್ಕೆ ಎಣ್ಣೆ ಗಿಣ್ಣೆ ಏನೂ ಬೇಡ, ದಿನಾ ಹತ್ತಿ ಹೊಡೆಯಿರಿ, ಒಣಬಟ್ಟೆಯಿಂದ ಒರೆಸಿ, ಸಾಕು ಎಂದ. ಇದನ್ನು ರಸ್ತೆಯ ಮೇಲೆ ಹೊಡೆಯುವುದೇ? ಅಯ್ಯೋ, ತಳ್ಳಿಕೊಂಡೇ ಮನೆಗೆ ಬಂದೆ.

ಮಳೆಗಾಲಕ್ಕೆ ದೊಡ್ಡ ಉಪಾಯ ಹೂಡಿದೆ. ಖಾಲಿ ಸಿಮೆಂಟ್ ಚೀಲಗಳನ್ನು ತಂದು ಝಾಡಿಸಿ, ಪ್ರತಿ ಪೈಪಿಗೂ ಸುತ್ತಿ, ಸುತಳಿ ಬಿಗಿದು, ಪಡಸಾಲೆಯಲ್ಲಿ ನಿಲ್ಲಿಸಿದೆ. ವಾಡಿಯಲ್ಲಿ ಕಾಲೊರೆಸುವುದಕ್ಕೂ ಅದೇ ಚೀಲ, ಮಳೆಗೆ ತಲೆಯ ಮೇಲೆ ಕವುಚಿಕೊಳ್ಳುವುದಕ್ಕೂ ಅದೇ ಚೀಲ. ಅದು ತೇವ ಕುಡಿಯುತ್ತದೆ, ಸೈಕಲ್ಲು ಒಣಗಿರುತ್ತದೆ ಎಂಬುದು ನನ್ನ ಶಾಸ್ತ್ರ.

ಅದೇ ವಾರ ಸುಶೀಲಾಗೆ ರಾವೂರಿನ ಸಾಲೆಯಲ್ಲಿ ಹಂಗಾಮಿ ಶಿಕ್ಷಕಿಯ ಕೆಲಸ ಸಿಕ್ಕಿತು. ಬೆಳಗಿನ ಬಸ್ಸು ನೆಚ್ಚುವ ಹಾಗಿರಲಿಲ್ಲ. ಸೈಕಲ್ಲಿಗೆ ಕ್ಯಾರಿಯರ್ ಹಾಕಿಸಿ ಬಿಟ್ಟುಬರುತ್ತೀರಾ ಎಂದು ಒಮ್ಮೆ ಕೇಳಿದಳು. ಕ್ಯಾರಿಯರ್ ಬಿಗಿದರೆ ಗೀರು ಬೀಳುತ್ತದೆ, ಮಳೆಗಾಲ ಮುಗಿಯಲಿ ಎಂದೆ. ಆಮೇಲೆ ಅವಳು ಕೇಳಲಿಲ್ಲ. ಬಸ್ಸು ತಪ್ಪಿದ ದಿನ ಖಣಿಗಳ ನಡುವಿನ ಕೆಸರಿನಲ್ಲಿ ನಡೆದೇ ಹೋಗುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ, ಇನ್ನೊಂದು ಸಲ ತಡವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟರು.

ಮರುದಿನವೇ ಬಸ್ಸು ಬರಲಿಲ್ಲ. ಅವಳು ತಿರುಗಿ ಬಂದು ಬಾಗಿಲಲ್ಲಿ ನಿಂತಳು. ಆ ಮುಖ ನೋಡಿ ನಾನೇ ಸುತಳಿ ಕತ್ತರಿಸಿದೆ. ಗೋಣಿ ಬಿಚ್ಚಿದರೆ ಬಿಳಿ ಹಿಟ್ಟು. ಹಿಟ್ಟಿನಡಿ ಸಿಡುಬು ಎದ್ದುಹೋದ ಮುಖದಂತೆ ಕುಳಿಗಳು. ಚೀಲದ ನೂಲಿನಲ್ಲಿ ಉಳಿದ ಸಿಮೆಂಟು ತೇವಕ್ಕೆ ಸುಣ್ಣದ ಹಾಗೆ ಕ್ಷಾರವಾಗಿ ಲೋಹವನ್ನು ತಿಂದಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನೆಲಕ್ಕೆ ಕೂತೆ. ಕಣ್ಣಲ್ಲಿ ನೀರೂ ಬಂತು, ಸುಳ್ಳೇಕೆ?

“ಆಮ್ಯಾಲ ಅಳ್ರಿ,” ಎಂದಳು. “ಗಾಲಿ ತಿರಗ್ತಾವೋ ಇಲ್ಲೋ ನೋಡ್ರಿ ಮೊದ್ಲ.”

ತಿರುಗಿದವು. ಮುಂದಿನ ಪೈಪಿನ ಮೇಲೆಯೇ ಕೂತಳು. ಖಣಿಯ ಹೆಂಗಸರು ಕಲ್ಲು ಹೊರುವುದು ಬಿಟ್ಟು ನಮ್ಮನ್ನೇ ನೋಡಿದರು. ಪ್ರಾರ್ಥನೆಯ ಗಂಟೆಗೆ ಮುಂಚೆ ಮುಟ್ಟಿದೆವು; ಕೆಲಸ ಉಳಿಯಿತು. ಸಂಜೆಯೇ ಖಾಜಾ ಮಿಯಾ ಕ್ಯಾರಿಯರ್ ಬಿಗಿದ. ಗೀರು ಬೀಳಲು ಅಲ್ಲಿ ಜಾಗವೇ ಇರಲಿಲ್ಲ.

ಮಂದಿಯ ಮುಂದೆ ಮಾತ್ರ ಇದನ್ನು ನನ್ನ ತ್ಯಾಗದ ಕಥೆಯಾಗಿ ಹೇಳುತ್ತ ಬಂದಿದ್ದೇನೆ. ಇವತ್ತು ಚಹಾ ಕುಡಿಯುವಾಗಲೂ ಅದನ್ನೇ ತೆಗೆದೆ. ಸುಶೀಲಾ ಈಗ ಅದೇ ಸಾಲೆಯ ಮುಖ್ಯೋಪಾಧ್ಯಾಯಿನಿ. ಚಹಾದ ಬಸಿ ಕೆಳಗಿಟ್ಟಳು.

“ಅದು ಕೆಡ್ಲಿಕತ್ತದಂತ ನನಗ ತಿಂಗಳ ಮೊದ್ಲೇ ಗೊತ್ತಿತ್ತ್ರಿ. ಕಸಾ ಹೊಡಿಯೋಮುಂದ ಬಿಳಿ ಪುಡಿ ಉದುರ್ತಿತ್ತು.”

ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ಮತ್ತ ತಿಕ್ಕಿ ಕಟ್ಟಿಡ್ತಿದ್ರಿ. ಪೂರಾ ಕೆಡ್ಲಿ, ಆಮ್ಯಾಲರೆ ನನ್ನ ಕುಂದರಿಸ್ಕೋತಾರ ಅಂತ ಸುಮ್ನಿದ್ದೆ.”

ನಗೋಣವೆಂದು ಬಾಯಿ ತೆರೆದೆ, ನಗು ಬರಲಿಲ್ಲ. ನೌಕರಿ ಹೋಗುವ ಹೆದರಿಕೆ ಇಟ್ಟುಕೊಂಡು ಅವಳು ಇನ್ನೂ ಒಂದು ತಿಂಗಳು ಆ ಕೆಸರಿನಲ್ಲಿ ನಡೆದಿದ್ದಳು. ನನ್ನನ್ನು ಎರಡನೆಯ ಸಲ ಕೇಳುವುದಕ್ಕಿಂತ ಅದೇ ಸುಲಭ ಅನ್ನಿಸಿತ್ತು ಅವಳಿಗೆ.