ಕೊಂಬೆಗೆ ಕಟ್ಟಿದ ಹಗ್ಗ

"ಮರ ಕಡ್ಯಾವ್ರ ಮನ್ಯಾಗ ಇಂಗ್ಲಿಷ್ ಓದೂ ಹುಡುಗಿ? ಆಗೂದಲ್ಲ ಬಿಡ್ರಿ" ಎಂದು ನಕ್ಕವನು ಗುತ್ತೇದಾರ. ನನ್ನನ್ನು ಸಾಕಿದ ಸೋದರತ್ತೆಯ ಗಂಡ, ನನ್ನ ಮಾವ, ಸತ್ತ ಮೂರನೆಯ ದಿನ, ನಮ್ಮದೇ ಹೊಸ್ತಿಲಲ್ಲಿ ನಿಂತು ನಕ್ಕ. ಇಂದು ಬೆಳಿಗ್ಗೆ ಹೈದರಾಬಾದಿನ ಮಣಿಕೊಂಡದ ನಮ್ಮ ಬೀದಿಯಲ್ಲಿ ಬೇವಿನ ಮರ ಕಡಿಯುತ್ತಿದ್ದರು. ಹಸಿ ಬೇವಿನ ಕಹಿ ವಾಸನೆ ಕಿಟಕಿಯಿಂದ ಬಂತು. ಅದರ ಹಿಂದೆಯೇ ಆ ನಗು.

ಮಾವ ಮನೆಗೆ ಬಂದರೆ ಇದೇ ವಾಸನೆ. ಅಂಗಿ ಝಾಡಿಸಿದರೆ ಕೆಂಪಿರುವೆ. "ಇವೂ ನನ್ನ ಸಂಗಾಟ ಹೈದ್ರಾಬಾದ್ ನೋಡಾಕ ಬಂದಾವ" ಎನ್ನುತ್ತಿದ್ದ... ಈ ಊರು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ರಸ್ತೆ ಅಗಲವಾಗುತ್ತಿತ್ತು, ಮರ ಕಡಿಯುವವರಿಗೆ ಪುರುಸೊತ್ತಿರಲಿಲ್ಲ. ಏರುವ ಮುನ್ನ ಮಾವ ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ "ತಪ್ಪಾತು ತಾಯಿ" ಎಂದು ಕೈಮುಗಿಯುತ್ತಿದ್ದ. ಕಾಯಿ, ಊದಿನಕಡ್ಡಿಯನ್ನು ಗುತ್ತೇದಾರನೇ ತಪ್ಪದೆ ಕಳಿಸುತ್ತಿದ್ದ. ಹಗ್ಗ ಮಾತ್ರ ಒಂದೇ.

ಆ ಒಂದು ಹಗ್ಗ ಕೊಂಬೆಗೆ. ಕಡಿದ ಕೊಂಬೆ ಯಾರದೋ ಹೆಂಚು, ಕಾರಿನ ಮೇಲೆ ಬೀಳಬಾರದಲ್ಲ! ಮಾವ ಸತ್ತ ಸಿಕಂದರಾಬಾದಿನ ಬಂಗಲೆಯಲ್ಲೂ ಹಾಗೇ. "ಇನ್ನೊಂದು ಹಗ್ಗ ಕೊಡ್ರಿ ಸಾವ್ಕಾರ್ರ, ನಡಕ್ಕ ಕಟ್ಕೋತೀನಿ" ಎಂದು ಮಾವ ಕೇಳಿದ್ದನಂತೆ. "ಮಂಗ್ಯಾ ಎಲ್ಲ್ಯರ ಹಗ್ಗ ಕಟ್ಕೋತೈತೇನಲೇ?" ಎಂದನಂತೆ ಗುತ್ತೇದಾರ. ಜೊತೆಯವರೆಲ್ಲ ನಕ್ಕರಂತೆ. ಮಾವನೂ ನಕ್ಕಿರಬೇಕು... ತುಂಡಾದ ಕೊಂಬೆ ತೂಗಿ ಬಂದು ಅವನ ಎದೆಗೆ ಬಡಿಯಿತು. ಮಾವ ಕಲ್ಲಿನ ಮೇಲೆ ಬಿದ್ದ. ಕೊಂಬೆ ಹಗ್ಗದಲ್ಲಿ ಕ್ಷೇಮವಾಗಿ ತೂಗುತ್ತಿತ್ತು. ಒಂದು ಹೆಂಚೂ ಒಡೆಯಲಿಲ್ಲ.

ಗುತ್ತೇದಾರ ಇಂಗ್ಲಿಷ್ ಕಾಗದ, ಶಾಯಿ ಡಬ್ಬಿ ಹಿಡಿದು ಬಂದ. ಪರಿಹಾರದ ಅರ್ಜಿ, ಹೆಬ್ಬೆಟ್ಟು ಒತ್ತಿ ಅಂದ. "ಬೇವಿನ ಮರ, ಮಂಗಳವಾರ. ದೇವಿ ಸಿಟ್ಟಾದ್ಲು, ನಾವೇನ್ ಮಾಡೂದೈತಿ?" ಅತ್ತೆ ಕಾಗದವನ್ನು ನನ್ನ ಕೈಗಿಟ್ಟಳು: "ನೀ ಓದವ್ವಾ." ತೆಲುಗು ಮಾಧ್ಯಮದ ಎಂಟನೆಯ ತರಗತಿ ನನ್ನದು. ಆಗಲೇ ಅವನು ನಕ್ಕದ್ದು.

ಮೈ ಉರಿಯಿತು. ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಮರ, ಹಗ್ಗ, ಇವೆರಡೇ ತಿಳಿದದ್ದು. ತಿಳಿಯಲಿಲ್ಲ ಎಂದರೆ ಅವನು ಮತ್ತೆ ನಗುತ್ತಿದ್ದ. "ಎಲ್ಲಾ ಬರೋಬ್ಬರಿ ಐತಿ, ಅತ್ತಿ" ಅಂದೆ. ಅತ್ತೆ ಒತ್ತಿದಳು.

ಪರಿಹಾರ ಬರಲಿಲ್ಲ. ಅತ್ತೆ ಕೇಳಲು ಹೋದರೆ ಕಾರ್ಮಿಕ ಕಚೇರಿಯವರು ಅದೇ ಕಾಗದದ ನಕಲು ಕೊಟ್ಟು ಕಳಿಸಿದರು. ಇಂಟರ್, ಅಂದರೆ ಪಿಯುಸಿ, ಓದುವಾಗ ಅತ್ತೆಯ ಟ್ರಂಕಿನಿಂದ ಅದನ್ನು ಕದ್ದು ಓದಿದೆ. ಹಗ್ಗ ಕೊಡಲಾಗಿತ್ತು, ಕಟ್ಟಿಕೊಳ್ಳದ್ದು ಸತ್ತವನ ತಪ್ಪು, ಗುತ್ತೇದಾರನ ಹೊಣೆ ಏನೂ ಇಲ್ಲ ಎಂದಿತ್ತು. ಅತ್ತೆಗೆ ಹೇಳಲಿಲ್ಲ. ಅವಳು ನಾಲ್ಕು ಮನೆಯ ಪಾತ್ರೆ ತಿಕ್ಕಿ ನನ್ನನ್ನು ಓದಿಸುತ್ತಿದ್ದಳು.

ಇಂದೂ ಹಗ್ಗ ಕೊಂಬೆಗೇ ಇತ್ತು. ಇಳಿದು ಹೋಗಿ ಜಗಳ ಮಾಡಿದೆ. ಮೇಲಿದ್ದವನ ನಡುವಿಗೆ ಹಗ್ಗ ಬೀಳುವವರೆಗೆ ಬುಡ ಬಿಟ್ಟು ಕದಲಲಿಲ್ಲ. ಮಾವನಿಗೆ ಇದರಿಂದ ಏನೂ ಆಗದು, ಗೊತ್ತು.

ವರ್ಷಗಳ ಹಿಂದೆ ನಾನು ಡಿಗ್ರಿ ಸರ್ಟಿಫಿಕೇಟ್ ತಂದು ಅತ್ತೆಯ ಕೈಗೆ ಕೊಟ್ಟ ದಿನ ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಟ್ರಂಕು ತೆರೆದು ಆ ನಕಲನ್ನು ನನ್ನ ಮುಂದಿಟ್ಟಳು.

"ಅವತ್ತ ನಿನಗ ತಿಳೀಲಿಲ್ಲಂತ ನನಗ ಗೊತ್ತಿತ್ತವ್ವಾ. ಈಗ ಓದು. ಖರೇ ಏನೈತಿ, ಅಷ್ಟ ಓದು."