ಮಾಸ್ತರರ ಮನೆಯ ಮೊದಲ ಸೋಬಾನ

ಮೊಮ್ಮಕ್ಕಳೇ, ಸುಲೇಪೇಟದ ನಮ್ಮ ಓಣಿಯಲ್ಲಿ ಒಬ್ಬ ಸಂಗೀತ ಮಾಸ್ತರರಿದ್ದರು. ನಾನು ರೊಟ್ಟಿ ಬಡಿಯುತ್ತ ಹಳೆಯ ಹಾಡು ಗುನುಗಿದರೆ ಸಾಕು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಹೊಸ್ತಿಲ ಹೊರಗೆ ಕುಳಿತುಬಿಡುತ್ತಿದ್ದರು. "ಇನ್ನೊಮ್ಮೆ ಹಾಡ್ರಿ, ಅಕ್ಕಾ" ಎನ್ನುವುದು ಅವರ ಮಾತು.

"ಮುದುಕಿ ಹಾಡು ಯಾರು ಕೇಳ್ತಾರ್ರಿ?" ಎಂದೆ ಒಮ್ಮೆ.

"ಹಂಗೇರಿ ದೇಶದಾಗ ಒಬ್ಬ ಭಾಳ ದೊಡ್ಡ ಸಂಗೀತಗಾರ ಇದ್ದನ್ರಿ. ಹಳ್ಳಿ ಹಳ್ಳಿ ತಿರುಗಿ ನಿಮ್ಮಂಥೋರ ಹಾಡೇ ಬರಕೊಂಡ. ಯಾರು ಏನಂದ್ರೂ ಬಿಡಲಿಲ್ಲ" ಎಂದು ಮೊಬೈಲಿನಲ್ಲಿ ಅವನ ಸಂಗೀತ ಹಚ್ಚಿದರು. ನನಗೆ ಹೆಚ್ಚು ತಿಳಿಯಲಿಲ್ಲ. ಆದರೆ ನಡುವೆ ಒಂದು ಕಡೆ ಬೀಸುವ ಕಲ್ಲು ತಿರುಗಿದಂತೆ ಕೇಳಿಸಿತು.

ಅವರ ಮಗಳ ಮದುವೆ ವಾಡಿ ಊರಿನಲ್ಲಾಯಿತು. ಮೊದಲ ಸೋಬಾನ ನಾನೇ ಹಾಡಬೇಕೆಂದು ಕರೆದುಕೊಂಡು ಹೋಗಿದ್ದರು. ಹಂದರದಲ್ಲಿ ನನ್ನ ಬರಿ ಹಣೆ ನೋಡಿ ಬೀಗರ ಹಿರಿಯರೊಬ್ಬರು, "ಇಷ್ಟು ಮಂದಿ ಮುತ್ತೈದೇರು ಇರೋವಾಗ ಈ ರಂಡಿಮುಂಡಿ ಯಾಕ್ರೀ?" ಎಂದರು. ನಾನು ತಲೆ ತಗ್ಗಿಸಿ ಹಿಂದೆ ಸರಿದೆ.

ಮಾಸ್ತರರು ಹಾರ್ಮೋನಿಯಂ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು. "ಅಕ್ಕಾರು ಹಾಡದೆ ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳಂಗಿಲ್ರಿ."

ಬೀಗರು ಎದ್ದು ನಿಂತರು. ಮಾಸ್ತರರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಣ್ಣಿನ ತಂದೆಯಾಗಿಯೂ ಅವರು ಕೈ ತೆಗೆಯಲಿಲ್ಲ.

ನಾನು ಹಾಡಿದೆ. ದನಿ ಸಣ್ಣಗಾಗಿ ನನಗೇ ಕೇಳಿಸಲಿಲ್ಲ.

"ಇನ್ನೊಮ್ಮೆ ಹಾಡ್ರಿ, ಅಕ್ಕಾ" ಎಂದು ಮಾಸ್ತರರು ಹಾರ್ಮೋನಿಯಂ ತೆರೆದರು. ಈ ಸಲ ಹಂದರದ ಆಚೆಯ ರಸ್ತೆಗೂ ಕೇಳುವಂತೆ ಹಾಡಿದೆ. ಬೀಗರು ಕುಳಿತರು.

ನಿಮ್ಮ ಮದುವೆಗಳಲ್ಲೂ ಮೊದಲ ಸೋಬಾನ ನನ್ನದೇ. ಆಗುವ ಬೀಗರಿಗೆ ಮೊದಲೇ ತಿಳಿಸಿಬಿಡಿ.