ಆರು ಓಮ್ ಕಡಿಮೆ

ಬೆಳಗಿನ ಆರು ಗಂಟೆ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಟೀ ಅಂಗಡಿಯಣ್ಣ ಒಳಗೆ ಬರುತ್ತಾರೆ, ಕಂಕುಳಲ್ಲಿ ಕೆಟ್ಟ ಕರೆಂಟ್ ಒಲೆ. ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸು ತಲೆ ಎತ್ತುವುದಿಲ್ಲ. ಕಬ್ಬಿಣದ ಸಲಾಕೆಗೆ ತಂತಿ ಸುತ್ತುವ ಕೈ ನಡುವೆ ನಿಂತರೆ ಸುರುಳಿ ಸಡಿಲವಾಗುತ್ತದೆ. ಕಾಯಿಲ್ ಸುತ್ತುವ ಇವರು ಬೀದಿಗೆಲ್ಲ ಕಾಯಿಲಕ್ಕ. ಒಲೆಯೋ ಹೀಟರೋ, ಕರೆಂಟಿನಿಂದ ಕಾಯುವಂಥದ್ದು ಏನು ಕೆಟ್ಟರೂ ಜನ ಇಲ್ಲಿಗೇ ಬರುತ್ತಾರೆ.

"ಅಕ್ಕ, ತುಂಡಾದ ಜಾಗ ತಿರುಚಿ ಜೋಡಿಸಿಬಿಡಿ, ಸಾಕು. ಇನ್ನೊಂಚೂರು ಕತ್ತರಿಸಿದ್ರೂ ಸರಿ, ನೀರು ಬೇಗ ಕುದಿಯುತ್ತೆ."

"ನಿಮ್ಮಂಗಡಿ ಬೂದಿ ಆಗೋದೂ ಬೇಗ ಆಗುತ್ತೆ. ಆ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ."

ಟೀ ಅಂಗಡಿಯಣ್ಣ ಹಲ್ಲು ಕಿರಿಯುತ್ತಾರೆ. ಕಾಯಿಲಕ್ಕ ನಗುವುದಿಲ್ಲ. ಒಲೆಯ ತಳ ಒರೆಸಿ, ತಗಡಿನಲ್ಲಿ ಉಬ್ಬಿದ ಅಂಕಿಗಳನ್ನು ಬೆರಳಿನಿಂದ ಸವರಿ ಓದುತ್ತಾರೆ: ಇನ್ನೂರ ಮೂವತ್ತು ವೋಲ್ಟ್, ಐದು ಆಂಪಿಯರ್.

"ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಡೆ, ಗುಣಿಸಿದ್ರೆ ಕಾವು. ಇಷ್ಟೇ ನನ್ನ ವಿದ್ಯೆ," ಎನ್ನುತ್ತಾರೆ. ಭಾಗಿಸಿದರೆ ನಲವತ್ತಾರು ಓಮ್, ಅಂದರೆ ಈ ತಂತಿ ಕರೆಂಟಿಗೆ ಅಷ್ಟು ತಡೆ ಒಡ್ಡಬೇಕು. ಗುಣಿಸಿದರೆ ಸಾವಿರದ ನೂರೈವತ್ತು ವ್ಯಾಟ್, ಒಲೆ ಅಷ್ಟೇ ಕಾಯಬೇಕು. ತಂತಿ ಗಿಡ್ಡವಾದರೆ ತಡೆ ತಗ್ಗುತ್ತದೆ, ಕರೆಂಟು ನುಗ್ಗುತ್ತದೆ, ಒಲೆ ಮೊದಲಿಗಿಂತ ಚೆನ್ನಾಗಿ ಕಾಯುತ್ತದೆ. ಜನ ಮೆಚ್ಚುವುದೂ ಅದನ್ನೇ.

ದಿನಕ್ಕೆ ಎಂಟೋ ಒಂಬತ್ತೋ ಸುರುಳಿ. ಪ್ರತಿಯೊಂದನ್ನೂ ಮೂರು ಸಲ ಮೀಟರಿಗೆ ಹಿಡಿಯುತ್ತಾರೆ. ಒಂದು ಓಮ್ ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಮೊದಲಿಂದ. ಸರಿ ಬಂದರೆ ರಟ್ಟಿನ ಚೂರಿನ ಮೇಲೆ ವೋಲ್ಟು, ಆಂಪಿಯರು, ಓಮು, ವ್ಯಾಟು, ನಾಲ್ಕೂ ಅಂಕಿ ದಪ್ಪಕ್ಷರದಲ್ಲಿ ಬರೆದು ದಾರದಲ್ಲಿ ಕಟ್ಟುತ್ತಾರೆ. ಗಿರಾಕಿಗಳು ಬೀದಿ ದಾಟುವ ಮೊದಲೇ ಆ ಚೀಟಿ ಕಿತ್ತೆಸೆಯುತ್ತಾರೆ. ಅದು ಇವರಿಗೂ ಗೊತ್ತು, ಆದರೂ ಕಟ್ಟುತ್ತಾರೆ. ತಂತಿ ಎಳೆದೆಳೆದು ಎರಡೂ ತೋರುಬೆರಳುಗಳಲ್ಲಿ ಗೀರು ಬಿದ್ದಿದೆ. ಕಣ್ಣಿಗೆ ಸಣ್ಣಕ್ಷರ ಕಾಣುವುದಿಲ್ಲ.

ಅಂಗಡಿ ಅಪ್ಪನದು. ಅಪ್ಪನಿಗೆ ಲೆಕ್ಕ ಬರುತ್ತಿರಲಿಲ್ಲ, ಎಲ್ಲ ಕೈಯಂದಾಜು. ಮಗಳು ಕಲಿತದ್ದೂ ಅದನ್ನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಇವರು ಮೂವತ್ತಾರನೇ ವಯಸ್ಸಿನಲ್ಲಿ ಹಿಂದಿನ ಓಣಿಯ ನಿವೃತ್ತ ಮೇಷ್ಟರ ಎದುರು ಸ್ಲೇಟು ಹಿಡಿದು ಕೂತು ಈ ಭಾಗಾಕಾರ ಕಲಿತರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಎಂದು ಅವರೇ ಹೇಳುತ್ತಾರೆ.

ಕೊಳ್ಳೆಹೋದದ್ದು ತಂಗಿ. ಹದಿನೇಳು ವರ್ಷದ ಹಿಂದೆ ಎರಡು ತಿಂಗಳ ಬಾಣಂತಿ. ಚಳಿಗೆ ಒಂದು ಹೀಟರು, ಈ ಒಲೆಯ ಅಳತೆಯದೇ. ಅದರ ಸುರುಳಿ ತುಂಡಾದಾಗಲೆಲ್ಲ ಅಕ್ಕನೇ ಸುಟ್ಟ ಭಾಗ ಕತ್ತರಿಸಿ, ತುದಿಗಳನ್ನು ತಿರುಚಿ ಜೋಡಿಸಿ ಕೊಟ್ಟರು. ಹೀಗೆ ಮೂರು ಸಲ.

"'ಅಕ್ಕ, ಈಗ ಮೊದಲಿಗಿಂತ ಚೆನ್ನಾಗಿ ಕಾಯುತ್ತೆ ಕಣೇ' ಅಂದ್ಲು. ನನ್ನ ಕೈಗುಣ ಅಂದ್ಕೊಂಡು ಬೀಗಿದೆ."

ಒಂದು ಮಧ್ಯಾಹ್ನ ಕಾಯಿಲಕ್ಕ ಮಗುವನ್ನು ಅಂಗಡಿಗೆ ಎತ್ತಿಕೊಂಡು ಬಂದಿದ್ದರು, ತಂಗಿ ಒಂದು ಗಳಿಗೆ ಮಲಗಲಿ ಎಂದು. ಹೀಟರಿನ ಹಳೆಯ ವೈರು ಕಾದು ಕರಗಿತು, ಪರದೆಗೆ ಕಿಡಿ ಹತ್ತಿತು. ತಂಗಿ ಏಳಲಿಲ್ಲ. ಮನೆಯ ವೈರಿಂಗೇ ಹಳೆಯದು ಎಂದು ಎಲ್ಲರೂ ಮನೆ ಮಾಲೀಕರಿಗೆ ಶಾಪ ಹಾಕಿದರು. ಲೆಕ್ಕ ಕಲಿತ ಮೇಲೆ ಕಾಯಿಲಕ್ಕ ತೆಗೆದಿಟ್ಟಿದ್ದ ಆ ಸುರುಳಿಯನ್ನು ಮೀಟರಿಗೆ ಹಿಡಿದರು. ನಲವತ್ತಾರು ಇರಬೇಕಾದಲ್ಲಿ ನಲವತ್ತು. ಐದು ಆಂಪಿಯರಿನ ವೈರಿನಲ್ಲಿ ಐದೂಮುಕ್ಕಾಲು ಹರಿದಿತ್ತು. ನೂರ ಎಪ್ಪತ್ತೆರಡೂವರೆ ವ್ಯಾಟ್ ಹೆಚ್ಚು.

ಆ ಮಗು ಈಗ ಕಾಲೇಜಿಗೆ ಹೋಗುತ್ತಾಳೆ. ಕಾಯಿಲಕ್ಕನನ್ನು ದೊಡ್ಡಮ್ಮ ಎನ್ನುತ್ತಾಳೆ. ಅಮ್ಮನನ್ನು ಕೊಂದದ್ದು ಮನೆ ಮಾಲೀಕರು ಎಂದೇ ನಂಬಿದ್ದಾಳೆ. ಮುದುಕರಾದ ಅವರು ಎದುರು ಬಂದರೆ ಮುಖ ತಿರುಗಿಸಿ ರಸ್ತೆ ದಾಟುತ್ತಾಳೆ.

"ಅದನ್ನ ನೋಡೋಕಾಗಲ್ಲ ನನಗೆ. ಆಯಪ್ಪ ಏನು ಮಾಡಿದ್ದಾರೆ, ಪಾಪ."

ಪೇಪರಿಗೆ ಬರೆಯಲು ಬಂದವರು, ನೀವೇ ಅವಳನ್ನು ಕೂರಿಸಿಕೊಂಡು ಹೇಳಬಾರದೇ ಎಂದರೆ ಕಾಯಿಲಕ್ಕ ಸಲಾಕೆ ಕೆಳಗಿಡುತ್ತಾರೆ. "ಎಷ್ಟು ಸಲ ಬಾಯಿ ತೆಗೆದಿದೀನೋ. 'ಊಟ ಮಾಡಿದ್ಯಾ' ಅಂತಷ್ಟೇ ಬರುತ್ತೆ. ನೀವು ಬರೀರಿ. ಭಾನುವಾರ ಪೇಪರನ್ನ ನನಗೆ ಅವಳೇ ಓದಿ ಹೇಳೋದು."

ಹೀಗೆ ಹೇಳಿಸುವುದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ಈ ಬರಹಕ್ಕೆ ಯೋಗ್ಯತೆಯಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬದುಕಿದವರು ಅವರು. ಟೀ ಅಂಗಡಿಯಣ್ಣನ ಒಲೆಗೆ ಹೊಸ ಸುರುಳಿ ಕೂರುತ್ತದೆ. ಮೀಟರು ಮೂರು ಸಲವೂ ನಲವತ್ತಾರು ತೋರಿಸುತ್ತದೆ. ಚೀಟಿಯ ದಾರಕ್ಕೆ ಗಂಟು ಹಾಕುತ್ತಾ ಕಾಯಿಲಕ್ಕ ತಮ್ಮ ಒಂದೇ ಕೋರಿಕೆ ಹೇಳುತ್ತಾರೆ.

"ಓದ್ತಾ ಓದ್ತಾ ಅವಳು ಇಲ್ಲಿಗೆ ಬಂದಾಗ ನಾನು ಪಕ್ಕದಲ್ಲೇ ಕೂತಿರ್ತೀನಿ. ಬೈದ್ರೆ ಬೈಸ್ಕೋತೀನಿ. ಎದ್ದು ಹೋದ್ರೆ ಬಾಗಿಲು ತೆಗೆದೇ ಇಟ್ಟಿರ್ತೀನಿ. ನೀವು ಮಾತ್ರ ನಲವತ್ತು ಅಂತಲೇ ಹಾಕಿ. ಮಗೂಗೆ ಇನ್ನೊಂದು ಸುಳ್ಳು ಲೆಕ್ಕ ಬೇಡ."